ಸಂವಿಧಾನ ಸಲಹೆಗಾರ ಶ್ರೀ ಬೆನಗಲ್ ನರಸಿಂಗ ರಾವ್ (1887–1953)

ಭಾರತ ಸಂವಿಧಾನದ ಮೂಲ ಕರಡನ್ನು ಸಿದ್ಧಪಡಿಸಿದ ಕಾನೂನು ವಿದ್ವಾಂಸರಾದ ಶ್ರೀ ಬೆನಗಲ್ ನರಸಿಂಗ ರಾವ್ ರವರ ಜೀವನ ಹಾಗೂ ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವೆ:
ಶ್ರೀಯುತರು 1887ರ ಫೆಬ್ರವರಿ 26ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ವೈದ್ಯರ ಕುಟುಂಬದಲ್ಲಿ ಜನಿಸಿದರು. ಮಂಗಳೂರಿನ ಕೆನರಾ ಪ್ರೌಢಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಇಂಡಿಯನ್ ಸಿವಿಲ್ ಸರ್ವೀಸ್‌ಗೆ ಆಯ್ಕೆಯಾಗಿ ಬಂಗಾಳದಲ್ಲಿ ಸೇವೆ ಆರಂಭಿಸಿದರು. ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಇವರು, 1941ರಲ್ಲಿ ರಚನೆಯಾದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರೂ ಆಗಿದ್ದರು.

ಸಂವಿಧಾನ ರಚನೆ:
1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡು, 1947ರ ಅಕ್ಟೋಬರ್‌ನಲ್ಲಿ 240 ವಿಧಿಗಳುಳ್ಳ ಕರಡನ್ನು ಸಿದ್ಧಪಡಿಸಿದರು. ತದನಂತರ ವಿದೇಶ ಪ್ರವಾಸ ಕೈಗೊಂಡು, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರವರೊಡನೆ ಸಮಾಲೋಚಿಸಿದರು. ಚುನಾಯಿತ ಶಾಸನಸಭೆಗಳ ಕಾನೂನುಗಳನ್ನು ರದ್ದುಪಡಿಸಲು ನ್ಯಾಯಾಲಯಗಳಿಗೆ ಮಿತಿಮೀರಿದ ಅಧಿಕಾರ ದೊರೆಯಬಾರದೆಂಬುದು ಇವರ ನಿಲುವಾಗಿತ್ತು. ಕರಡು ರಚನಾ ಸಮಿತಿಯು, ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನದಂತೆ ವ್ಯಕ್ತಿಯ ಸ್ವಾತಂತ್ರ್ಯವನ್ನು ನಿರ್ಬಂಧಿಸಬಹುದೆಂಬ ಪದಗಳನ್ನು ಅಂಗೀಕರಿಸಿತು.

ಭದ್ರತೆ ಮತ್ತು ಸ್ವಾತಂತ್ರ್ಯ:
ಶಾಸನಸಭೆಯೇ ಅನ್ಯಾಯದ ಕಾನೂನು ಮಾಡಿದಲ್ಲಿ ನಾಗರಿಕನಿಗೆ ರಕ್ಷಣೆ ಎಲ್ಲಿ ಎಂಬ ಆಕ್ಷೇಪಣೆ ಸಭೆಯಲ್ಲಿ ವ್ಯಕ್ತವಾಯಿತು. ಇದರ ಫಲವಾಗಿ 1949ರಲ್ಲಿ ಈಗಿನ 22ನೆಯ ವಿಧಿಯನ್ನು ಸೇರಿಸಲಾಯಿತು. ಭದ್ರತೆಯ ಕಾರಣಕ್ಕಾಗಿ ಮುಂಜಾಗ್ರತಾ ಬಂಧನಕ್ಕೆ ಒಳಗಾದವರಿಗೂ ಬಂಧನದ ಆಧಾರಗಳನ್ನು ತಿಳಿಸಿ, ಮನವಿ ಸಲ್ಲಿಸಲು ಅವಕಾಶ ನೀಡತಕ್ಕದ್ದೆಂದು ಈ ವಿಧಿಯು ಹೇಳುತ್ತದೆ. ಆದಾಗ್ಯೂ, ಸಾರ್ವಜನಿಕ ಹಿತದೃಷ್ಟಿಯಿಂದ ಬಹಿರಂಗಪಡಿಸಲಾಗದ ಸಂಗತಿಗಳನ್ನು ತಡೆಹಿಡಿಯಲು ಅಧಿಕಾರವಿರುತ್ತದೆ.

ವಿಶ್ವಸಂಸ್ಥೆಯಲ್ಲಿ:
ಶ್ರೀಯುತರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, ಕೊರಿಯಾ ಯುದ್ಧ ಆರಂಭವಾದ 1950ರ ಜೂನ್ ತಿಂಗಳಿನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ವಹಿಸಿದ್ದರು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಇವರು, 1953ರ ನವೆಂಬರ್ 30ರಂದು ಜ್ಯೂರಿಕ್ ನಗರದಲ್ಲಿ ನಿಧನರಾದರು.

ನಾಗರಿಕರಿಗೆ ಇದರ ಮಹತ್ವ:
ಶ್ರೀಯುತರ ನಿಲುವಿಗೆ ಮುಂದೆ ತಿದ್ದುಪಡಿಯೂ ದೊರೆಯಿತು. ಕಾರಣ ತಿಳಿಸದೆ ಪಾಸ್‌ಪೋರ್ಟ್ ವಶಪಡಿಸಿಕೊಂಡ ಮೇನಕಾ ಗಾಂಧಿ ಪ್ರಕರಣದಲ್ಲಿ, ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪು ನೀಡಿತು. ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ, ದೇಶದ ಭದ್ರತೆಯ ಕಾರಣದಿಂದ ಅರ್ಜಿಯನ್ನು ತಿರಸ್ಕರಿಸಿದಾಗಲೂ ತಿರಸ್ಕಾರದ ಕಾರಣ ಮತ್ತು ಮೇಲ್ಮನವಿ ಸಲ್ಲಿಸಬೇಕಾದ ಅವಧಿಯನ್ನು ಅರ್ಜಿದಾರರಿಗೆ ತಿಳಿಸುವುದು ಕಡ್ಡಾಯ. ಅಧಿಕಾರ ಉಳ್ಳವರು ಕಾರಣ ಹೇಳಲು ಬದ್ಧರು ಎಂಬುದೇ ಪ್ರಜಾಪ್ರಭುತ್ವ ಆಡಳಿತದ ನೀತಿ.