ವಿಕ್ಟೋರಿಯಾ ಮಹಾರಾಣಿಯವರಲ್ಲಿ ಜರ್ಮನ್ ಅಂಶವೆಷ್ಟು?

೧೮೩೭ರಿಂದ ೧೯೦೧ರ ವರೆಗೆ ಇಂಗ್ಲೆಂಡ್ ದೇಶವನ್ನಾಳಿದ ವಿಕ್ಟೋರಿಯಾ ಮಹಾರಾಣಿಯವರ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ವಿರಳ. ಅವರ ಮುಖಮುದ್ರೆಯುಳ್ಳ ಬೆಳ್ಳಿಯ ರೂಪಾಯಿಗಳನ್ನು ನಮ್ಮ ನಾಡಿನ ಎಷ್ಟೋ ಅಜ್ಜಿಯರು ಸರದಲ್ಲಿ ಪೋಣಿಸಿ ಧರಿಸುತ್ತಿದ್ದರು. ಇಂಗ್ಲಿಷರ ರಾಣಿಯೆಂದು ಲೋಕವು ಕರೆದ ಈಕೆಯಲ್ಲಿ ಜರ್ಮನರ ಅಂಶವೆಷ್ಟು ಎಂಬುದನ್ನು ಆ ರೂಪಾಯಿಯ ಹಳೆಯ ಆಣೆ ಪೈಗಳ ಲೆಕ್ಕದಿಂದಲೇ ನೋಡುವ.

ಆಕೆಯು ೧೮೧೯ನೆಯ ಮೇ ೨೪ರಂದು ಲಂಡನಿನ ಕೆನ್ಸಿಂಗ್‌ಟನ್ ಅರಮನೆಯಲ್ಲಿ ಜನಿಸಿದಳು. ತಂದೆಯಾದ ಎಡ್ವರ್ಡನು ಮೂರನೆಯ ಜಾರ್ಜ್ ಅರಸನ ನಾಲ್ಕನೆಯ ಮಗನು. ತಾಯಿಯು ಜರ್ಮನಿಯ ಕೋಬರ್ಗ್ ಸಂಸ್ಥಾನದ ರಾಜಪುತ್ರಿ. ಶಿಶುವಿಗೆ ವರುಷ ತುಂಬುವ ಮೊದಲೇ, ೧೮೨೦ನೆಯ ಜನವರಿಯಲ್ಲಿ, ತಂದೆಯು ತೀರಿಹೋದನು. ಆ ಮೇಲೆ ಬಾಲಕಿಯು ಜರ್ಮನ್ ತಾಯಿಯ ಮತ್ತು ಲೇಟ್ಸೆನ್ ಎಂಬ ಜರ್ಮನ್ ಶಿಕ್ಷಕಿಯ ಕೈಯಲ್ಲಿ ಬೆಳೆದಳು. ಈ ಲೇಟ್ಸೆನಳು ಹನೋವರ್ ಸೀಮೆಯ ಒಬ್ಬ ಲುಥೆರನ್ ಪಾದ್ರಿಯ ಮಗಳು.

ಈಗ ಲೆಕ್ಕಕ್ಕೆ ಬರುವ. ತಂದೆಯು ಲಂಡನಿನಲ್ಲಿಯೂ ತಾಯಿಯು ಕೋಬರ್ಗಿನಲ್ಲಿಯೂ ಹುಟ್ಟಿದ್ದರಿಂದ ಮೊದಲನೆಯ ಮೆಟ್ಟಿಲಲ್ಲಿ ಎಂಟಾಣೆ ಜರ್ಮನ್, ಎಂಟಾಣೆ ಇಂಗ್ಲಿಷ್. ಒಂದು ತಲೆ ಮೇಲಕ್ಕೆ ಹೋದರೆ ಅಜ್ಜ ಅಜ್ಜಿಯರು ನಾಲ್ವರು. ಅವರಲ್ಲಿ ಮೂರನೆಯ ಜಾರ್ಜನೊಬ್ಬನೇ ಲಂಡನಿನಲ್ಲಿ ಹುಟ್ಟಿದವನು. ಅವನ ಹೆಂಡತಿ ಶಾರ್ಲೊಟ್ಟೆಯು ಮೆಕ್ಲೆನ್‌ಬುರ್ಗಿನವಳು, ತಾಯಿಯ ಕಡೆಯವರಿಬ್ಬರೂ ಜರ್ಮನರು. ಆದುದರಿಂದ ಇಲ್ಲಿ ಹನ್ನೆರಡಾಣೆ ಜರ್ಮನ್ ಆಯಿತು. ಇನ್ನೂ ಒಂದು ತಲೆ ಮೇಲೆ ನೋಡಿದರೆ ಮೂರನೆಯ ಜಾರ್ಜನ ತಂದೆಯು ೧೭೦೭ರಲ್ಲಿ ಹನೋವರಿನಲ್ಲಿ ಹುಟ್ಟಿದವನು, ತಾಯಿಯು ಗೋಥಾ ಸಂಸ್ಥಾನದವಳು; ಉಳಿದ ಆರು ಮಂದಿಯೂ ಹಾಗೆಯೇ. ಎಂಟಕ್ಕೆ ಎಂಟು ಮಂದಿಯೂ ಜರ್ಮನ್ ನೆಲದಲ್ಲಿ ಹುಟ್ಟಿದವರು, ಅಂದರೆ ಹದಿನಾರಾಣೆ! ಒಬ್ಬಳೇ ರಾಣಿ, ಒಂದೇ ವಂಶಾವಳಿ; ಆದರೆ ನಿಲ್ಲುವ ಮೆಟ್ಟಿಲು ಬದಲಾದ ಹಾಗೆ ಉತ್ತರವೂ ಬದಲಾಗುತ್ತದೆ. ಹುಟ್ಟಿದ ಊರನ್ನು ಎಣಿಸುವದು ಬೇರೆ, ಹೆತ್ತವರ ಕುಲವನ್ನು ಎಣಿಸುವದು ಬೇರೆ. ಇವೆರಡನ್ನೂ ಬೆರಸಿದ್ದರಿಂದಲೇ ಅನೇಕರು ಈ ವಿಷಯದಲ್ಲಿ ವ್ಯರ್ಥವಾಗಿ ವಾದಿಸಿದ್ದಾರೆಂದು ನಮಗೆ ತೋರುತ್ತದೆ.

ಆದರೆ ಹದಿನಾರಾಣೆಯೂ ಪೂರ್ಣವಲ್ಲ. ರಾಣಿಯಿಂದ ಆರನೆಯ ತಲೆಯಲ್ಲಿ ಎಲೆಯೊನೋರಳೆಂಬ ಒಬ್ಬ ಫ್ರೆಂಚ್ ಪ್ರೊಟೆಸ್ಟೆಂಟ್ ಸ್ತ್ರೀಯು ಇದ್ದಾಳೆ. ಆಕೆಯ ಪಾಲು ಅರುವತ್ತನಾಲ್ಕರಲ್ಲಿ ಒಂದು, ಅಂದರೆ ಕಾಲಾಣೆ. ಏಳನೆಯ ತಲೆಯಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸ್ ಅರಸನ ಮಗಳಾದ ಎಲಿಜಬೆತ್ ಸ್ಟುವರ್ಟಳು. ಈ ದಾರಿಯಿಂದ ಆಕೆಯ ಪಾಲು ೧೨೮ರಲ್ಲಿ ಒಂದು, ಅಂದರೆ ರೂಪಾಯಿಗೆ ಒಂದೂವರೆ ಪೈ. ಆಕೆಯ ತಾಯಿಯೂ ಡೆನ್ಮಾರ್ಕಿನವಳು! ಆದರೂ ಇಂಗ್ಲೆಂಡಿನ ಕಿರೀಟವು ಹನೋವರಿನ ಮನೆಗೆ ದೊರೆತದ್ದು ಈ ಒಂದೂವರೆ ಪೈಯಿಂದಲೇ. ೧೭೦೧ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಎಲಿಜಬೆತಳ ಮಗಳಾದ ಸೋಫಿಯಳಿಗೂ ಆಕೆಯ ಸಂತತಿಯಲ್ಲಿ ಪ್ರೊಟೆಸ್ಟೆಂಟರಾಗಿರುವವರಿಗೂ ಪಟ್ಟವು ಸಲ್ಲತಕ್ಕದ್ದೆಂದು ಗೊತ್ತುಮಾಡಿತು. ರಕ್ತದಲ್ಲಿ ಹತ್ತಿರವಾದ ಅನೇಕರನ್ನು ಮತದ ನಿಮಿತ್ತ ಬಿಟ್ಟು ದೂರದವಳನ್ನು ಆರಿಸಿದರು. ಸೋಫಿಯಳ ಮಗನು ೧೭೧೪ರಲ್ಲಿ ಒಂದನೆಯ ಜಾರ್ಜನೆಂಬ ಹೆಸರಿನಿಂದ ಅರಸನಾದನು. ದಾವೀದನ ಮುತ್ತಜ್ಜಿಯಾದ ರೂತಳು ಮೋವಾಬ್ಯಳೆಂಬದನ್ನು ನೆನಸುವ ವಾಚಕರಿಗೆ ಇಂಥ ಲೆಕ್ಕವು ಹೊಸದಲ್ಲ. ಆಕೆಯ ಕಡೆಯಿಂದ ದಾವೀದನಲ್ಲಿ ಎರಡಾಣೆ ಮೋವಾಬು.

ಇನ್ನೊಂದು ಸಂಬಂಧವನ್ನು ಹೇಳದೆ ಬಿಡಲಾರೆವು. ರಾಣಿಯ ತಾಯಿಯ ತಾಯಿ ಎಬರ್ಸ್‌ಡೋರ್ಫಿನ ರೊಯ್ಸ್ ಮನೆತನದವಳು. ಮೊರೇವಿಯನ್ ಸಹೋದರರಿಗೆ ತನ್ನ ಭೂಮಿಯಲ್ಲಿ ಆಶ್ರಯ ಕೊಟ್ಟು, ದೂರ ದೇಶಗಳಿಗೆ ಮಿಶನರಿಗಳನ್ನು ಕಳುಹಿಸಿದ ಚಿನ್ಸೆನ್‌ಡೋರ್ಫ್ ಪ್ರಭುವಿನ ಹೆಂಡತಿಯು ಇದೇ ಮನೆಯ ಹೆಣ್ಣು.

೧೮೪೦ರಲ್ಲಿ ರಾಣಿಯು ತನ್ನ ಸೋದರಮಾವನ ಮಗನಾದ ಆಲ್ಬರ್ಟನನ್ನು ವರಿಸಿದಳು, ಆತನೂ ಕೋಬರ್ಗಿನವನೇ. ಒಂಬತ್ತು ಮಕ್ಕಳಾದರು. ಕೊಡಗಿನ ಕೊನೆಯ ಅರಸನ ಮಗಳಾದ ಗೌರಮ್ಮಳಿಗೆ ೧೮೫೨ರಲ್ಲಿ ದೀಕ್ಷಾಸ್ನಾನವಾದಾಗ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಆಕೆಗೆ ಇಟ್ಟಳು. ೧೮೬೧ರಲ್ಲಿ ಆಲ್ಬರ್ಟನು ಮೃತನಾದ ಮೇಲೆ ನಾಲ್ವತ್ತು ವರುಷ ಕಪ್ಪು ಉಡುಪಿನಲ್ಲಿಯೇ ಇದ್ದು, ೧೯೦೧ನೆಯ ಜನವರಿ ೨೨ರಂದು ಆಕೆಯು ತೀರಿಕೊಂಡಳು. ಮಗಳ ಮಗನಾದ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಮರಣಶಯ್ಯೆಯ ಬಳಿಯಲ್ಲಿದ್ದನು.

ಹದಿಮೂರು ವರುಷಗಳಲ್ಲಿ ಆ ವಿಲ್ಹೆಲ್ಮನಿಗೂ ರಾಣಿಯ ಮಗನ ಮಗನಾದ ಐದನೆಯ ಜಾರ್ಜನಿಗೂ ಯುದ್ಧವಾಯಿತು. ಆಗ ನಮ್ಮ ಕನ್ನಡ ಸಭೆಗಳನ್ನು ಸಾಕಿದ ಬಾಸೆಲ್ ಮಿಶನಿನ ಜರ್ಮನ್ ಪಾದ್ರಿಗಳನ್ನು ಸರಕಾರದವರು ಹಿಡಿದು ಅಹಮದನಗರದ ಶಿಬಿರದಲ್ಲಿಟ್ಟು, ತರುವಾಯ ಅವರ ದೇಶಕ್ಕೆ ಕಳುಹಿಸಿಬಿಟ್ಟರು. ಅವರನ್ನು ಹಿಡಿಸಿದ ಸರಕಾರವು ನಡೆಯುತ್ತಿದ್ದದ್ದು ಜರ್ಮನ್ ಮನೆತನದ ಹೆಸರನ್ನು ಹೊತ್ತ ಅರಸನ ಹೆಸರಿನಲ್ಲಿಯೇ! ಇಂಗ್ಲೆಂಡಿನ ಜನರೂ ಇದನ್ನು ಆಡಿಕೊಳ್ಳತೊಡಗಲಾಗಿ, ೧೯೧೭ನೆಯ ಜುಲೈ ೧೭ರಂದು ಐದನೆಯ ಜಾರ್ಜನು ಸಾಕ್ಸೆ ಕೋಬರ್ಗ್ ಗೋಥಾ ಎಂಬ ಮನೆತನದ ಹೆಸರನ್ನು ತೆಗೆದು ವಿಂಡ್ಸರ್ ಎಂದು ಇಟ್ಟನು. ಬಂಧುಗಳಾದ ಬ್ಯಾಟನ್‌ಬರ್ಗಿನವರು ಮೌಂಟ್‌ಬ್ಯಾಟನ್ ಎಂದು ಕರೆಯಿಸಿಕೊಂಡರು. ೧೯೪೭ರಲ್ಲಿ ಭಾರತದ ಕೊನೆಯ ವೈಸರಾಯರಾಗಿ ಬಂದವರು ಆ ಮನೆಯವರೇ, ವಿಕ್ಟೋರಿಯಾ ಮಹಾರಾಣಿಯವರ ಮೊಮ್ಮಗಳ ಮಗ.