ಫಾಹಿಯಾನನು ತಾಯ್ನಾಡಿಗೆ ಮರಳಿದ ಬಗೆ

ಫಾಹಿಯಾನನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಎರಡನೆಯ ಚಂದ್ರಗುಪ್ತನ ಕಾಲದಲ್ಲಿ ಭರತಖಂಡಕ್ಕೆ ಬಂದ ಚೀನೀ ಯಾತ್ರಿಕನೆಂಬ ಒಂದು ವಾಕ್ಯದಲ್ಲಿ ಅವನ ಪರಿಚಯ ಮುಗಿದುಹೋಗುತ್ತದೆ. ಆ ಅರಸನ ಹೆಸರನ್ನು ಆತನು ತನ್ನ ಗ್ರಂಥದಲ್ಲಿ ಒಮ್ಮೆಯೂ ಎತ್ತಿಲ್ಲವೆಂಬುದು ಬೇರೆ ಮಾತು. ಪ್ರವಾಸ ಸಾಹಿತ್ಯವನ್ನು ಕುರಿತು ನಾನೊಮ್ಮೆ ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು, ಆತ ಊರಿಗೆ ಹಿಂದಿರುಗಿದ್ದು ಹೇಗೆ ಎಂದು ಕೇಳಿದನು. ನನಗೆ ಉತ್ತರ ತಿಳಿದಿರಲಿಲ್ಲ. ಅಂದು ಸಂಜೆ ಗ್ರಂಥಾಲಯದಿಂದ ಆತನ ಪ್ರವಾಸಕಥನದ ಅನುವಾದವನ್ನು ತಂದು ಓದಲು ಕುಳಿತವನು ಕೊನೆಯ ಪುಟ ಮುಗಿಯುವವರೆಗೂ ಏಳಲಿಲ್ಲ.

ಕ್ರಿ.ಶ. 399ರಲ್ಲಿ ಚಾಂಗ್‌ಆನ್ ನಗರದಿಂದ ಹೊರಟಾಗ ಆತನಿಗೆ ಅರವತ್ತು ದಾಟಿತ್ತೆಂದು ಹಲವು ವಿದ್ವಾಂಸರ ಎಣಿಕೆ. ಭಿಕ್ಷುಗಳ ನಡವಳಿಕೆಯನ್ನು ವಿಧಿಸುವ ವಿನಯಗ್ರಂಥಗಳು ತನ್ನ ನಾಡಿನಲ್ಲಿ ಅಪೂರ್ಣವಾಗಿವೆಯೆಂಬ ಕೊರಗೇ ಆ ವಯಸ್ಸಿನಲ್ಲಿ ಆತನನ್ನು ಮರುಭೂಮಿಗೂ ಹಿಮಪರ್ವತಕ್ಕೂ ನೂಕಿತು. ಉತ್ತರ ಭಾರತದಲ್ಲಿ ವಿನಯವು ಗುರುಮುಖದಿಂದ ಶಿಷ್ಯನಿಗೆ ಬರುತ್ತಿತ್ತೇ ಹೊರತು, ಬರೆದ ಪ್ರತಿ ಸಿಗುತ್ತಿರಲಿಲ್ಲ. ಪಾಟಲಿಪುತ್ರದಲ್ಲಿ ಕೊನೆಗೂ ಅದು ದೊರೆಯಿತು. ಮೂರು ವರ್ಷ ಅಲ್ಲಿಯೇ ನಿಂತು ಸಂಸ್ಕೃತವನ್ನು ಕಲಿತು, ಗ್ರಂಥಗಳನ್ನು ತನ್ನ ಕೈಯಿಂದಲೇ ಪ್ರತಿಮಾಡಿಕೊಂಡನು. ಆ ವೇಳೆಗೆ ಸಂಗಡಿಗರಲ್ಲಿ ಕೆಲವರು ಹಿಂದಿರುಗಿದ್ದರು. ಒಬ್ಬನು ಹಿಮದ ಗಾಳಿಗೆ ಸಿಕ್ಕಿ ದಾರಿಯಲ್ಲೇ ಸತ್ತಿದ್ದನು. ಉಳಿದಿದ್ದ ಒಬ್ಬನು ಈ ದೇಶವನ್ನು ಬಿಟ್ಟು ಬರಲಾರೆನೆಂದು ಪಾಟಲಿಪುತ್ರದಲ್ಲೇ ನಿಂತನು. ತಾಮ್ರಲಿಪ್ತಿಯಲ್ಲಿ ಎರಡು ವರ್ಷ ಬರೆಹದಲ್ಲಿ ಕಳೆದು ಫಾಹಿಯಾನನು ಒಬ್ಬನೇ ಸಿಂಹಳಕ್ಕೆ ಹಡಗು ಹತ್ತಿದನು.

ಸಿಂಹಳದ ಅಭಯಗಿರಿ ವಿಹಾರದಲ್ಲಿ ಹಸುರು ಕಲ್ಲಿನ ಬುದ್ಧಪ್ರತಿಮೆಯ ಮುಂದೆ ವರ್ತಕನೊಬ್ಬನು ಚೀನಾದ ಬಿಳಿ ರೇಷ್ಮೆಯ ಬೀಸಣಿಗೆಯೊಂದನ್ನು ಕಾಣಿಕೆಯಾಗಿಟ್ಟಿದ್ದನಂತೆ. ಅದನ್ನು ಕಂಡು ಫಾಹಿಯಾನನ ಕಣ್ಣಲ್ಲಿ ನೀರು ತುಂಬಿತು. ಹಿಮದಲ್ಲಿ ಗೆಳೆಯನನ್ನು ಕಳೆದುಕೊಂಡೂ ಮುಂದಕ್ಕೆ ನಡೆದಿದ್ದ ಈ ಮುದುಕನು ಒಂದು ಬೀಸಣಿಗೆಯ ಮುಂದೆ ಅತ್ತದ್ದನ್ನು ಓದಿದಾಗಲೇ ಆತನು ನನಗೆ ಪಠ್ಯಪುಸ್ತಕದಿಂದ ಹೊರಗೆ ಬಂದದ್ದು.

ಆದರೂ ಆತನು ಒಡನೆ ಹೊರಡಲಿಲ್ಲ. ಸಿಂಹಳದಲ್ಲಿ ಎರಡು ವರ್ಷವಿದ್ದು ಮಹೀಶಾಸಕರ ವಿನಯಪಿಟಕ, ದೀರ್ಘಾಗಮ, ಸಂಯುಕ್ತಾಗಮ ಮೊದಲಾದುವನ್ನು ಸಂಪಾದಿಸಿದ ಮೇಲೆ, 411ರಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದ ವರ್ತಕರ ಹಡಗನ್ನೇರಿದನು. ಎರಡು ದಿನ ಅನುಕೂಲದ ಗಾಳಿ. ಮೂರನೆಯ ದಿನ ಬಿರುಗಾಳಿ. ಹಡಗಿಗೆ ತೂತು ಬಿದ್ದು ನೀರು ನುಗ್ಗಿತು. ಹಿಂದೆ ಕಟ್ಟಿದ್ದ ಸಣ್ಣ ದೋಣಿಗೆ ಹಾರಲು ವರ್ತಕರು ಹವಣಿಸಿದರೆ, ಆ ದೋಣಿಯವರು ಜನ ಹೆಚ್ಚಾದೀತೆಂದು ಹಗ್ಗವನ್ನೇ ಕಡಿದರು. ಸರಕೆಲ್ಲ ಸಮುದ್ರದ ಪಾಲಾಯಿತು. ಫಾಹಿಯಾನನು ತನ್ನ ಕಮಂಡಲುವನ್ನೂ ಬೋಗುಣಿಯನ್ನೂ ತಾನಾಗಿ ಎಸೆದನು. ಮುಂದಿನ ಸರದಿ ತನ್ನ ಗ್ರಂಥಗಳದೆಂಬ ಭಯದಿಂದ ಅವಲೋಕಿತೇಶ್ವರನನ್ನು ನೆನೆಯುತ್ತ ಕುಳಿತನು. ಹದಿಮೂರು ಹಗಲು, ಹದಿಮೂರು ಇರುಳು ಕಳೆದ ಮೇಲೆ ದ್ವೀಪವೊಂದರಲ್ಲಿ ಹಡಗಿನ ತೂತನ್ನು ಮುಚ್ಚಿದರು. ಮೋಡ ಕವಿದರೆ ಸೂರ್ಯನೂ ಇಲ್ಲ, ನಕ್ಷತ್ರಗಳೂ ಇಲ್ಲ. ಗಾಳಿ ಒಯ್ದ ಕಡೆಗೆ ದಾರಿ. ಸುಮಾರು ತೊಂಬತ್ತು ದಿನಗಳಾದ ಮೇಲೆ ಹಡಗು ಯವದ್ವೀಪವನ್ನು ಮುಟ್ಟಿತು.

ಅಲ್ಲಿ ಐದು ತಿಂಗಳು ಕಾದು, ಐವತ್ತು ದಿನಗಳ ಆಹಾರವನ್ನು ತುಂಬಿಕೊಂಡ ಇನ್ನೊಂದು ಹಡಗಿನಲ್ಲಿ ಗ್ವಾಂಗ್‌ಚೌ ಬಂದರಿಗೆ ಹೊರಟನು. ತಿಂಗಳು ಕಳೆದ ಮೇಲೆ ಮತ್ತೆ ಬಿರುಗಾಳಿ. ಈ ಭಿಕ್ಷುವನ್ನು ಹತ್ತಿಸಿಕೊಂಡದ್ದೇ ಅನಿಷ್ಟಕ್ಕೆ ಕಾರಣವೆಂದೂ ಯಾವುದಾದರೊಂದು ದ್ವೀಪದಲ್ಲಿ ಇಳಿಸಿಬಿಡುವುದೇ ಲೇಸೆಂದೂ ಸಹಯಾತ್ರಿಕರಾದ ಬ್ರಾಹ್ಮಣರು ಆಲೋಚಿಸಿದರು. ಆತನಿಗೆ ಆಸರೆಯಾಗಿದ್ದ ಒಬ್ಬನು ಅಡ್ಡ ನಿಂತನು: ಇಳಿಸುವುದಾದರೆ ತನ್ನನ್ನೂ ಇಳಿಸಬೇಕು, ಇಲ್ಲವೆ ಕೊಲ್ಲಬೇಕು, ಹಾಗಲ್ಲದಿದ್ದರೆ ಬುದ್ಧಧರ್ಮವನ್ನು ಗೌರವಿಸುವ ಚೀನಾದ ದೊರೆಗೆ ದೂರು ಹೇಳುವುದು ಖಂಡಿತವೆಂದನು. ವರ್ತಕರು ಹಿಂಜರಿದರು. ಆತನ ಹೆಸರನ್ನು ಫಾಹಿಯಾನನು ಬರೆದಿಡಲಿಲ್ಲ. ಇದೊಂದು ವಿಷಯದಲ್ಲಿ ನನಗೆ ಫಾಹಿಯಾನನ ಮೇಲೆ ಸ್ವಲ್ಪ ಕೋಪ.

ಎಪ್ಪತ್ತು ದಿನಗಳಾದರೂ ನೆಲ ಕಾಣಲಿಲ್ಲ. ಅಡಿಗೆಗೆ ಸಮುದ್ರದ ನೀರು. ಕುಡಿಯುವ ನೀರು ಆಳಿಗಿಷ್ಟೆಂದು ಅಳತೆಯಲ್ಲಿ. ಐವತ್ತು ದಿನಗಳ ದಾರಿ ಎಂದೋ ಮೀರಿತೆಂದು ನಾವಿಕರು ವಾಯವ್ಯಕ್ಕೆ ತಿರುಗಿಸಿದರು. ಹನ್ನೆರಡು ದಿನಗಳ ತರುವಾಯ ದಡ ಸಿಕ್ಕಿತು. ಯಾವ ದೇಶವೆಂದು ಯಾರಿಗೂ ಗೊತ್ತಿಲ್ಲ. ಫಾಹಿಯಾನನು ನೆಲದಲ್ಲಿ ಬೆಳೆದಿದ್ದ ಪರಿಚಿತ ಸೊಪ್ಪನ್ನು ಕಂಡು, ಇದು ತನ್ನ ನಾಡೆಂದು ಅರಿತನು. ಎದುರಾದ ಇಬ್ಬರು ಬೇಟೆಗಾರರು ಭಿಕ್ಷುವನ್ನು ಕಂಡು ಹೆದರಿ, ತಾವು ಬುದ್ಧಪೂಜೆಗಾಗಿ ಹಣ್ಣು ಹುಡುಕಲು ಬಂದವರೆಂದು ಸುಳ್ಳು ಹೇಳಿದರು. ಅವರ ಭಾಷೆಯನ್ನು ಹಡಗಿನವರಿಗೆ ತಿಳಿಸಿ ಹೇಳುವ ಕೆಲಸ, ಕೆಲವು ವಾರಗಳ ಹಿಂದೆ ಇಳಿಸಿಬಿಡಬೇಕೆಂದಿದ್ದ ಅದೇ ಭಿಕ್ಷುವಿನದಾಯಿತು. ಅದು ಶಾಂಟುಂಗ್ ಪ್ರಾಂತದ ಲಾವ್‌ಶಾನ್ ಬೆಟ್ಟದ ತೀರ, ಗ್ವಾಂಗ್‌ಚೌದಿಂದ 1,500 ಕಿಲೋಮೀಟರಿಗೂ ಹೆಚ್ಚು ದೂರ. ವರ್ಷ 412.

ಚಾಂಗ್‌ಆನಿಗೆ ಹೋಗಬೇಕೆಂಬುದು ಆತನ ಆಸೆಯಾಗಿತ್ತು. ಆದರೆ ಗ್ರಂಥಗಳ ಕಾರ್ಯವು ದೊಡ್ಡದೆಂದು ದಕ್ಷಿಣದ ರಾಜಧಾನಿಯಾದ ಇಂದಿನ ನಾನ್‌ಕಿಂಗಿಗೆ ನಡೆದನು. ಹೊರಟ ಊರನ್ನು ಮತ್ತೆ ಸೇರಲೇ ಇಲ್ಲ. ಅಲ್ಲಿ ಬುದ್ಧಭದ್ರನೊಡನೆ ಕುಳಿತು, ಪಾಟಲಿಪುತ್ರದಲ್ಲಿ ಬರೆದುಕೊಂಡಿದ್ದ ಮಹಾಸಾಂಘಿಕ ವಿನಯವನ್ನು 418ರ ವೇಳೆಗೆ ಚೀನೀ ಭಾಷೆಗೆ ತಂದನು. ಸಿಂಹಳದಿಂದ ತಂದ ಮಹೀಶಾಸಕ ವಿನಯದ ಕಟ್ಟನ್ನು ಬಿಚ್ಚಿ ಅನುವಾದಿಸುವಷ್ಟು ಆಯುಸ್ಸು ಉಳಿದಿರಲಿಲ್ಲ. ಆತನು ತೀರಿಕೊಂಡ ಮೇಲೆ, 423ರಲ್ಲಿ, ಕಾಶ್ಮೀರದಿಂದ ಬಂದ ಬುದ್ಧಜೀವನೆಂಬ ಭಿಕ್ಷು ಅದನ್ನು ಕೈಗೆತ್ತಿಕೊಂಡನು.