ಹಾನಗಲ್ಲ ಲಿಂ. ಶ್ರೀ ಕುಮಾರ ಮಹಾಸ್ವಾಮಿಗಳು: ಮುಂದಾಳ್ತನದ ಒಂದು ಮಾದರಿ



ಹಾವೇರಿ ಜಿಲ್ಲೆಯು ಸಂತರ ಮತ್ತು ಶರಣರ ನೆಲ. ಈ ನೆಲದ ರಾಣೆಬೆನ್ನೂರು ತಾಲೂಕಿನಲ್ಲಿ ಜೋಯಿಸರಹರಳಹಳ್ಳಿ ಎಂಬ ಊರಿದೆ. 1867ರಲ್ಲಿ ಆ ಊರಿನ ಸಾಲಿಮಠದ ಬಸಯ್ಯ ಮತ್ತು ನೀಲಮ್ಮ ದಂಪತಿಗಳ ಉದರದಲ್ಲಿ ಜನಿಸಿದ ಹಾಲಯ್ಯನೆಂಬ ಬಾಲಕನೇ ಮುಂದೆ ಹಾನಗಲ್ಲ ಕುಮಾರ ಮಹಾಸ್ವಾಮಿಗಳೆಂದು ನಾಡಿಗೆಲ್ಲ ಪರಿಚಿತರಾದರು. ಪೂಜ್ಯರ ಚರಿತ್ರೆಯನ್ನು ನಮ್ಮ ಭಾಗದ ಪುರಾಣ ಪ್ರವಚನಗಳಲ್ಲಿ ಕೇಳದವರು ವಿರಳ. ಆದರೂ ಅದನ್ನು ಇಂದು ಮತ್ತೊಮ್ಮೆ ನೆನೆಯುವುದಕ್ಕೆ ಒಂದು ಕಾರಣವಿದೆ. ಗ್ರಾಮ ಪಂಚಾಯಿತಿಯಿಂದ ಹಿಡಿದು ಸಹಕಾರಿ ಸಂಘ, ಶಿಕ್ಷಣ ಸಂಸ್ಥೆ, ಮಠಮಾನ್ಯಗಳವರೆಗೆ ಎಲ್ಲೆಡೆ ಮುಂದಾಳುಗಳು ಹೆಚ್ಚಿದ್ದಾರೆ. ಒಳ್ಳೆಯ ಮುಂದಾಳ್ತನ ಮಾತ್ರ ಹೆಚ್ಚಿದಂತೆ ಕಾಣುವುದಿಲ್ಲ. ಸಮಾಜವನ್ನು ಬೆಳೆಸುವ ಮುಂದಾಳು ಯಾರು, ಸಮಾಜಕ್ಕೆ ನಂಜಾಗುವ ಮುಂದಾಳು ಯಾರು ಎಂಬುದನ್ನು ಗುರುತಿಸುವ ಬಗೆಯನ್ನು ಪೂಜ್ಯರ ಬದುಕೇ ನಮಗೆ ಕಲಿಸುತ್ತದೆ.

ಹಾಲಯ್ಯನವರ ಬಾಲ್ಯ ಬಡತನದ ಬಾಲ್ಯ. ಓದಿನ ಹಂಬಲವಿತ್ತು, ಅನುಕೂಲವಿರಲಿಲ್ಲ. ಆ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಶಾಲಾ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಹಾಲಯ್ಯನವರೂ ಧಾರವಾಡದಲ್ಲಿ ಆ ಪರೀಕ್ಷೆಗೆ ಕುಳಿತರು, ಆದರೆ ತೇರ್ಗಡೆಯಾಗಲಿಲ್ಲ. ಎದೆಗುಂದದೆ ಹಿಂದಿರುಗಿ ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸತೊಡಗಿದರು. ಪರೀಕ್ಷೆಯಲ್ಲಿ ಸೋತ ಆ ತರುಣನೇ ಮುಂದೆ ನೂರಾರು ವಟುಗಳಿಗೆ ವಿದ್ಯೆಯ ಬಾಗಿಲು ತೆರೆದರೆಂಬುದನ್ನು ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಸಂಸಾರದ ಕಡೆಗೆ ಅವರ ಮನಸ್ಸು ಹೊರಳಲಿಲ್ಲ. ಅಧ್ಯಾತ್ಮದ ಹಸಿವಿನಿಂದ ಮನೆ ಬಿಟ್ಟು ಹುಬ್ಬಳ್ಳಿಗೆ ಬಂದು ಸಿದ್ಧಾರೂಢರ ಸನ್ನಿಧಿಯಲ್ಲಿ ಶಾಸ್ತ್ರ ಶ್ರವಣ ಮಾಡಿದರು. ಅನಂತರ ಎಮ್ಮಿಗನೂರಿನ ಜಡೆಸಿದ್ಧ ಶಿವಯೋಗಿಗಳ ಕೃಪೆಗೆ ಪಾತ್ರರಾದರು. ಬಿದರಿಯ ಕುಮಾರ ಶಿವಯೋಗಿಗಳ ಸೇವೆಯಲ್ಲಿ ನಿಂತು ಶಿವಯೋಗ ಸಾಧನೆಯ ಮರ್ಮವನ್ನು ಅರಿತರು. ಇಲ್ಲಿ ಒಂದು ಸಂಗತಿ ಮುಖ್ಯವಾದುದು. ಮುಂದೆ ಸಾವಿರಾರು ಜನರನ್ನು ನಡೆಸಬೇಕಾದವರು ಮೊದಲು ಹಲವು ವರ್ಷ ಇನ್ನೊಬ್ಬರ ಹಿಂದೆ ನಡೆದರು. ಗುರುವಿನ ಸೇವೆಯಲ್ಲಿ ತಮ್ಮ ಅಹಂಕಾರವನ್ನು ಕರಗಿಸಿಕೊಂಡ ಮೇಲೆಯೇ ಅವರಿಗೆ ಹಾನಗಲ್ಲ ವಿರಕ್ತಮಠದ ಅಧಿಕಾರ ದೊರೆಯಿತು. ನಡೆಸಿಕೊಳ್ಳುವುದನ್ನು ಕಲಿಯದವನು ನಡೆಸಲು ಹೊರಟರೆ ಆಗುವ ಅನಾಹುತವನ್ನು ನಾವು ದಿನನಿತ್ಯ ಕಾಣುತ್ತಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ವರ್ಷಗಳು ಮುಂಬಯಿ ಕರ್ನಾಟಕಕ್ಕೆ ಕಷ್ಟದ ವರ್ಷಗಳು. ಮೇಲಿಂದ ಮೇಲೆ ಬರಗಾಲ ಬಂದಿತು, ಅದರ ಬೆನ್ನಿಗೆ ಪ್ಲೇಗು ಬಂದಿತು. ಹಾನಗಲ್ಲ ಮಠವೇನೂ ಸಂಪದ್ಭರಿತವಾಗಿರಲಿಲ್ಲ. ಆದರೂ ಪೂಜ್ಯರು ಹಸಿದವರಿಗೆ ಮಠದ ಬಾಗಿಲನ್ನು ತೆರೆದಿಟ್ಟ ವೃತ್ತಾಂತವನ್ನು ನಮ್ಮ ಹಿರಿಯರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಸಂಕಟದ ಕಾಲದಲ್ಲಿ ಕಣಜವನ್ನು ಕಾಯುವವನು ಒಡೆಯ. ಕಣಜವನ್ನು ಬಿಚ್ಚುವವನು ಮುಂದಾಳು.

ಆ ಕಾಲದ ಸಮಾಜದ ಸ್ಥಿತಿಯನ್ನೂ ನಾವು ನೆನೆಯಬೇಕು. ನಮ್ಮ ಜನರಲ್ಲಿ ಬಹುಪಾಲಿನವರು ಒಕ್ಕಲುತನ ಮತ್ತು ವ್ಯಾಪಾರಗಳಲ್ಲಿದ್ದರು. ಶಾಲೆಯ ಮೆಟ್ಟಿಲೇರಿದವರು ಕಡಿಮೆ, ಸರಕಾರಿ ಕಚೇರಿಗಳಲ್ಲಿದ್ದವರು ಇನ್ನೂ ಕಡಿಮೆ. ಊರೂರಿಗೆ ಮಠಗಳಿದ್ದವು, ಮಠಗಳಿಗೆ ಆಸ್ತಿಯೂ ಇತ್ತು. ಆದರೆ ಎಷ್ಟೋ ಕಡೆ ಪೀಠದಲ್ಲಿದ್ದವರಿಗೆ ವಿದ್ಯೆಯ ಬಲವಿರಲಿಲ್ಲ, ಸಾಧನೆಯ ಬಲವೂ ಇರಲಿಲ್ಲ. ಭಕ್ತರ ಕಾಣಿಕೆಯನ್ನು ಉಂಡು ಭಕ್ತರಿಗೆ ಏನನ್ನೂ ಮರಳಿಸದ ಸ್ಥಿತಿ ಅದು. ದಾಸೋಹವೆಂದರೆ ಪಡೆದುದನ್ನು ಸಮಾಜಕ್ಕೆ ಸಲ್ಲಿಸುವುದೆಂದು ಬಸವಾದಿ ಶರಣರು ಹಾಕಿಕೊಟ್ಟ ದಾರಿ ಅಂಥಲ್ಲಿ ತಲೆಕೆಳಗಾಗಿತ್ತು. ಹೊರಗಿನವರನ್ನು ದೂಷಿಸುವುದು ಸುಲಭವಾಗಿತ್ತು. ಪೂಜ್ಯರು ರೋಗದ ಮೂಲವನ್ನು ಮನೆಯೊಳಗೇ ಹುಡುಕಿದರು.

1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಸ್ಥಾಪನೆಯಾಯಿತು. ಅದರ ಕಲ್ಪನೆ ಪೂಜ್ಯರದು, ಅದಕ್ಕಾಗಿ ಊರೂರು ತಿರುಗಿದ ಶ್ರಮವೂ ಪೂಜ್ಯರದು. ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಮಾತ್ರ ಸಿರಸಂಗಿಯ ಲಿಂಗರಾಜ ದೇಸಾಯರು. ಆಗ ಪೂಜ್ಯರಿಗೆ ಮೂವತ್ತೇಳರ ಆಸುಪಾಸಿನ ವಯಸ್ಸು. ತಾವೇ ಕಟ್ಟಿದ ಸಭೆಯಲ್ಲಿ ತಾವು ಅಧ್ಯಕ್ಷರಾಗದೆ ಹಿಂದೆ ನಿಂತರು. ಆ ಪೀಠದಲ್ಲಿ ಕುಳಿತ ಲಿಂಗರಾಜರ ನಡೆಯೂ ಸ್ಮರಣೀಯವಾದುದು. 1906ರಲ್ಲಿ ತೀರಿಕೊಳ್ಳುವ ಮೊದಲು ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಒಬ್ಬರು ಪೀಠವನ್ನು ಬಿಟ್ಟುಕೊಟ್ಟರು, ಇನ್ನೊಬ್ಬರು ಆಸ್ತಿಯನ್ನು ಬಿಟ್ಟುಕೊಟ್ಟರು. ಸಂಸ್ಥೆಯೊಂದರ ಅಡಿಗಲ್ಲು ಇಂಥ ತ್ಯಾಗದ ಮೇಲೆ ನಿಂತರೆ ಅದು ಶತಮಾನ ಬಾಳುತ್ತದೆ. ಇಂದು ವೀರಶೈವ, ಲಿಂಗಾಯತ ಎಂಬ ಹೆಸರುಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯಲ್ಲಿ ಯಾವ ಪಕ್ಷದಲ್ಲಿರುವವರೂ ಪೀಠದ ಆಸೆಯಿಲ್ಲದೆ ದುಡಿದ ಆ ಹಿರಿಯರ ನಡೆಯಿಂದ ಕಲಿಯುವುದಿದೆ.

ಮಹಾಸಭೆಯು ಜನರನ್ನು ಒಂದುಗೂಡಿಸಿತು. ಆದರೆ ಒಂದುಗೂಡಿದ ಜನರಿಗೆ ದಾರಿ ತೋರುವವರು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಪೂಜ್ಯರು ಕೊಟ್ಟ ಉತ್ತರವೇ ಶಿವಯೋಗಮಂದಿರ. 1909ರಲ್ಲಿ ಇಳಕಲ್ಲಿನ ವಿಜಯ ಮಹಾಂತ ಶಿವಯೋಗಿಗಳ ಮಾರ್ಗದರ್ಶನದೊಂದಿಗೆ ಬಾದಾಮಿಯ ಸಮೀಪ ಮಲಪ್ರಭಾ ನದಿಯ ತೀರದಲ್ಲಿ ಅದು ಆರಂಭವಾಯಿತು. ಮಠಗಳಿಗೆ ಅಧಿಪತಿಗಳಾಗಬೇಕಾದ ವಟುಗಳಿಗೆ ಮೊದಲು ವಿದ್ಯೆ, ಯೋಗ ಮತ್ತು ಶಿಸ್ತುಗಳನ್ನು ಕಲಿಸುವ ಕೇಂದ್ರವದು. ಸಂಸ್ಕೃತ, ಕನ್ನಡ, ಶಿವಯೋಗ, ಸಂಗೀತಗಳ ಅಭ್ಯಾಸದೊಂದಿಗೆ ಗೋಶಾಲೆಯ ಸೇವೆಯೂ ಅಲ್ಲಿ ಶಿಕ್ಷಣದ ಭಾಗವಾಯಿತು. ಗೋಮಯದಿಂದ ಶಾಸ್ತ್ರೋಕ್ತವಾಗಿ ತಯಾರಾಗುವ ಅಲ್ಲಿನ ವಿಭೂತಿಯು ಇಂದಿಗೂ ನಮ್ಮ ಮನೆಮನೆಯ ಪೂಜೆಗೆ ಬರುತ್ತದೆ. ತಾಡವೋಲೆಯ ಗ್ರಂಥಗಳನ್ನು ಸಂಗ್ರಹಿಸಿ ಕಾಪಾಡುವ ಕಾರ್ಯವೂ ಅಲ್ಲಿ ನಡೆಯಿತು.

ಇಲ್ಲಿ ಪೂಜ್ಯರ ದೂರದೃಷ್ಟಿಯನ್ನು ನಾವು ಸರಿಯಾಗಿ ತಿಳಿಯಬೇಕು. ಅಯೋಗ್ಯರು ಪೀಠವೇರಿದ ಮೇಲೆ ಅವರನ್ನು ಇಳಿಸಲು ಹೋರಾಡುವುದು ಒಂದು ಬಗೆ. ಯೋಗ್ಯರನ್ನು ಮೊದಲೇ ತಯಾರಿಸುವುದು ಇನ್ನೊಂದು ಬಗೆ. ಪೂಜ್ಯರು ಎರಡನೆಯದನ್ನು ಆರಿಸಿಕೊಂಡರು. ಅದು ನಿಧಾನದ ಕೆಲಸ. ಇಂದು ಸೇರಿಸಿಕೊಂಡ ವಟುವು ಫಲ ಕೊಡಲು ಹದಿನೈದು ಇಪ್ಪತ್ತು ವರ್ಷ ಬೇಕು. ತನ್ನ ಕಾಲದಲ್ಲಿಯೇ ತನಗೆ ಜಯಕಾರ ಬೇಕೆನ್ನುವವನು ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ. ಮಂದಿರದ ವೆಚ್ಚಕ್ಕಾಗಿ ಪೂಜ್ಯರು ಜೋಳಿಗೆ ಹಿಡಿದು ಹಳ್ಳಿಹಳ್ಳಿಗಳಲ್ಲಿ ಸಂಚರಿಸಿದರು. ಹಾನಗಲ್ಲ ಪೀಠದ ಒಡೆತನದಲ್ಲಿ ಅದನ್ನು ಇಟ್ಟುಕೊಳ್ಳದೆ ಸಮಾಜದ ಸಂಸ್ಥೆಯಾಗಿ ನಿಲ್ಲಿಸಿದರು. ಅಲ್ಲಿಂದ ಹೊರಬಂದ ಸಾಧಕರು ನಾಡಿನ ಹಲವು ಮಠಗಳ ಅಧಿಕಾರ ವಹಿಸಿಕೊಂಡು ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸಿದರು.

ಪೂಜ್ಯರು ಮನುಷ್ಯರನ್ನು ಬೆಳೆಸಿದ ಬಗೆಗೆ ಇನ್ನೊಂದು ನಿದರ್ಶನವನ್ನು ಹೇಳದಿರಲಾಗದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕುರುಡು ಬಾಲಕನು ಜನಿಸಿದನು. ಅವನ ಅಣ್ಣನೂ ಕುರುಡನೇ. ಬಡವರ ಮನೆಯ ಕುರುಡು ಮಕ್ಕಳಿಗೆ ಭಿಕ್ಷೆಯ ಹೊರತು ಬೇರೆ ದಾರಿಯಿಲ್ಲವೆಂದು ಲೋಕವು ನಂಬಿದ್ದ ಕಾಲವದು. ಪೂಜ್ಯರು ಆ ಅಣ್ಣತಮ್ಮಂದಿರ ಕಂಠವನ್ನು ಗುರುತಿಸಿ ತಮ್ಮ ಆಶ್ರಯಕ್ಕೆ ಕರೆತಂದು ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಗದಿಗೆಯ್ಯನು ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲೂ ಪರಿಣತನಾದನು. ಅವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಹಾಡಬಲ್ಲ ಶಿಷ್ಯನನ್ನು ತಮ್ಮ ಉತ್ಸವಗಳ ಅಲಂಕಾರವಾಗಿ ಇಟ್ಟುಕೊಳ್ಳುವುದು ಪೂಜ್ಯರಿಗೆ ಕಷ್ಟವಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವ ಕಾರ್ಯಕ್ಕೆ ಅವರನ್ನು ಹಚ್ಚಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ಕಾರ್ಯದ ಫಲ. ನಮ್ಮ ಜಿಲ್ಲೆಯ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಪಂಚಾಕ್ಷರಿ ಗವಾಯಿಗಳ ಮಡಿಲಲ್ಲಿ ಬೆಳೆದು ಆ ಆಶ್ರಮವನ್ನು 2010ರವರೆಗೆ ಮುನ್ನಡೆಸಿದರು. ಒಂದು ದೀಪದಿಂದ ಇನ್ನೊಂದು, ಅದರಿಂದ ಮತ್ತೊಂದು ಹೀಗೆ ಹತ್ತಿದವು.

1930ರ ಫೆಬ್ರುವರಿ 19ರಂದು ಪೂಜ್ಯರು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆ ಅಲ್ಲಿಯೇ ಇದೆ. ಅವರಿಲ್ಲದೆಯೂ ಮಂದಿರವು ನಡೆಯಿತು, ಮಹಾಸಭೆಯು ನಡೆಯಿತು, ಗವಾಯಿಗಳ ಸಂಗೀತವು ನಡೆಯಿತು. ಇದಕ್ಕಿಂತ ದೊಡ್ಡ ಪ್ರಮಾಣಪತ್ರವು ಮುಂದಾಳುವಿಗೆ ಬೇರೊಂದಿಲ್ಲ.

ಪೂಜ್ಯರು ಲಿಂಗೈಕ್ಯರಾದ ಮೂರು ವಾರಗಳಲ್ಲಿ, ಅದೇ ವರ್ಷದ ಮಾರ್ಚ್ 12ರಂದು, ಮಹಾತ್ಮಾ ಗಾಂಧೀಜಿಯವರು ದಾಂಡಿಗೆ ಹೊರಟರು. ಆ ಯಾತ್ರೆಯಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಹದಿನೆಂಟು ವರ್ಷದ ತರುಣನೊಬ್ಬನಿದ್ದನು. ಅವರೇ ಮೈಲಾರ ಮಹದೇವಪ್ಪನವರು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದಾಗ ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು. ಕ್ಷೇತ್ರ ಬೇರೆ, ಮಾರ್ಗ ಬೇರೆ, ಗುಣ ಒಂದೇ. ಅನುಯಾಯಿಗಳನ್ನು ಮುಂದೆ ದೂಡಿ ತಾನು ಹಿಂದೆ ಉಳಿಯುವ ನಾಯಕತ್ವ ಅದಾಗಿರಲಿಲ್ಲ. ರಾಣೆಬೆನ್ನೂರು ಮತ್ತು ಬ್ಯಾಡಗಿಯ ನೆಲಗಳು ಇಂಥ ಇಬ್ಬರನ್ನು ಕೊಟ್ಟಿರುವುದು ನಮ್ಮ ಭಾಗ್ಯ.

ಹಾಗಾದರೆ ನಂಜಿನ ಮುಂದಾಳ್ತನವನ್ನು ಗುರುತಿಸುವುದು ಹೇಗೆ? ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಒಂದು ಮಾತು ಗೊತ್ತು. ಮೇಲೆ ಕೆಂಪಾಗಿ ಹೊಳೆಯುವ ಕಾಯಿಯೂ ಒಳಗೆ ಹಸಿಯಾಗಿರಬಹುದು. ಸರಿಯಾಗಿ ಒಣಗದ ಕಾಯಿಗಳು ಚೀಲದೊಳಗೆ ಸೇರಿದರೆ ಬೂಸು ಹಿಡಿದು ಪಕ್ಕದ ಕಾಯಿಗಳನ್ನೂ ಕೆಡಿಸುತ್ತವೆ. ಕೆಟ್ಟ ಮುಂದಾಳುವಿನ ನಂಜೂ ಹೀಗೆಯೇ ಹರಡುತ್ತದೆ. ಅವನು ಭಾಷಣದಲ್ಲಿ ಚತುರನಿರಬಹುದು, ದಾನಿಯೂ ಇರಬಹುದು. ಆದರೆ ಅವನ ಸುತ್ತಲಿನವರು ವರ್ಷ ಕಳೆದಂತೆ ಹೊಗಳುಭಟರಾಗುತ್ತಾರೆ, ಲೆಕ್ಕ ಕೇಳುವವನು ದ್ರೋಹಿಯಾಗುತ್ತಾನೆ, ಪ್ರತಿಭೆಯುಳ್ಳ ತರುಣರು ದೂರ ಸರಿಯುತ್ತಾರೆ. ತಾನಿಲ್ಲದಿದ್ದರೆ ಎಲ್ಲವೂ ಮುಳುಗುತ್ತದೆಂದು ಅವನು ಜನರನ್ನು ನಂಬಿಸುತ್ತಾನೆ; ಕೊನೆಗೆ ಹಾಗೆಯೇ ಮುಳುಗುವಂತೆ ಮಾಡಿ ಹೋಗುತ್ತಾನೆ.

ಇದನ್ನು ಬರೆಯುವಾಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಾರ್ಯದರ್ಶಿಯ ಹೊಣೆ ಹೊತ್ತ ಅನೇಕ ವರ್ಷಗಳವರೆಗೆ ಪ್ರಸಾದನಿಲಯದ ಲೆಕ್ಕದ ಪುಸ್ತಕಗಳನ್ನೂ ಕಪಾಟಿನ ಕೀಲಿಕೈಗಳನ್ನೂ ನಾವೇ ಇಟ್ಟುಕೊಂಡಿದ್ದೆವು. ಕಿರಿಯರು ಕಲಿಯಲು ಬಂದಾಗ ಅವರಿಂದ ತಪ್ಪಾದೀತೆಂದು ನೆವ ಹೇಳುತ್ತಿದ್ದೆವು. ಅದನ್ನು ನಿಷ್ಠೆಯೆಂದೇ ತಿಳಿದಿದ್ದೆವು. ಒಮ್ಮೆ ಅನಾರೋಗ್ಯದಿಂದ ಮೂರು ವಾರ ಹಾಸಿಗೆ ಹಿಡಿದಾಗ ಕಿರಾಣಿ ಅಂಗಡಿಯವರಿಗೆ ಎಷ್ಟು ಕೊಡಬೇಕೆಂಬುದು ಮಠದಲ್ಲಿ ಯಾರಿಗೂ ತಿಳಿಯದಾಯಿತು. ಮಕ್ಕಳ ಪ್ರಸಾದಕ್ಕೆ ಜೋಳ ತರುವುದಕ್ಕೂ ನಮ್ಮ ಮನೆಯ ಬಾಗಿಲಿಗೆ ಬರಬೇಕಾಯಿತು. ನಾವು ಅನಿವಾರ್ಯರೆಂದು ಅಂದು ಒಂದು ಕ್ಷಣ ಹೆಮ್ಮೆಯೆನಿಸಿತು; ಮರುಕ್ಷಣವೇ ಶಿವಯೋಗಮಂದಿರದ ಗದ್ದುಗೆ ನೆನಪಾಗಿ ನಾಚಿಕೆಯೆನಿಸಿತು. ನಂಜು ದೊಡ್ಡ ಪೀಠಗಳಲ್ಲಿ ಮಾತ್ರ ಹುಟ್ಟುವುದಿಲ್ಲ, ಒಂದು ಕೀಲಿಕೈಯಲ್ಲಿಯೂ ಹುಟ್ಟಬಲ್ಲದು. ಈಗ ಇಬ್ಬರು ಕಿರಿಯರು ಲೆಕ್ಕ ಬರೆಯುತ್ತಾರೆ. ಅವರಿಂದ ತಪ್ಪುಗಳಾಗುತ್ತವೆ, ತಿದ್ದಿಕೊಳ್ಳುತ್ತಾರೆ.

ಸದ್ಭಕ್ತರು ತಮ್ಮ ತಮ್ಮ ಸಂಘ, ಸಂಸ್ಥೆ, ಮನೆತನಗಳಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ನಮ್ಮ ವಿನಂತಿ. ನಾಳೆ ನಾವಿಲ್ಲದಿದ್ದರೆ ಈ ಕೆಲಸವನ್ನು ಮಾಡಲು ನಾವು ಯಾರನ್ನು ಸಿದ್ಧಗೊಳಿಸಿದ್ದೇವೆ? ಉತ್ತರವಾಗಿ ಒಂದು ಹೆಸರು ಹೊಳೆದರೆ ಅವರ ಕೈಗೆ ಇಂದೇ ಒಂದು ಜವಾಬ್ದಾರಿಯನ್ನು ಕೊಡೋಣ. ಯಾವ ಹೆಸರೂ ಹೊಳೆಯದಿದ್ದರೆ ಹುಡುಕುವ ಕೆಲಸವನ್ನು ಇಂದೇ ಆರಂಭಿಸೋಣ. ಪೂಜ್ಯ ಕುಮಾರ ಮಹಾಸ್ವಾಮಿಗಳಿಗೆ ನಾವು ಸಲ್ಲಿಸಬಹುದಾದ ನಿಜವಾದ ಭಕ್ತಿಯು ಅದುವೇ ಆಗಿದೆ.